ಹಗ್ಗದ ಗೆರೆ ಬಿದ್ದ ಕಂಬಳಿ

(‘ಮೂಡಣ ಘಟ್ಟದ ಹಾದಿ’, ಒಂಬತ್ತನೆಯ ಕಂತು)

“ಇದನ್ನ ಬಿಚ್ಚಬೇಕಾಗ್ತೈತಿ,” ಅಂದಳು ಸುಮನ.

ಹವಾಲ್ದಾರ ಉದ್ದಪ್ಪ ಒಮ್ಮೆ ಅವಳ ಮುಖ ನೋಡಿದ, ಒಮ್ಮೆ ಅವಳ ಕೈಯಲ್ಲಿದ್ದ ಕೋರ್ಟಿನ ಅಪ್ಪಣೆ ನೋಡಿದ, ಕಡೆಗೆ ಮೋಟರ್ ಸೈಕಲ್ಲಿನ ಹಿಂದೆ ಬಿಗಿದಿದ್ದ ಕಂಬಳಿ ನೋಡಿದ. ಮೂರರಲ್ಲಿ ಒಂದೂ ಅವನಿಗೆ ಹಿಡಿಸಿದಂತೆ ಕಾಣಲಿಲ್ಲ. ಆದರೂ ಗೊಣಗುತ್ತ ಹಗ್ಗಕ್ಕೆ ಕೈ ಹಾಕಿದ.

ಕಲ್ಲೋಳಿಯ ಯಲ್ಲೇಶ ಘಟಪ್ರಭೆಯ ಪಾಲಾದ, ಅವನನ್ನು ನೂಕಿದವನು ಅವನ ಗೆಳೆಯ ಸ್ವಪ್ನಿಲ್ ಎಂದು ಪೊಲೀಸರು ಬರೆದು ಕೈ ತೊಳೆದುಕೊಂಡಿದ್ದರು. ಸ್ವಪ್ನಿಲ್ ಜೈಲಿನಲ್ಲಿದ್ದ, ಅವನ ಜಾಮೀನಿನ ಅರ್ಜಿ ನಾಳೆ ಬೆಳಗ್ಗೆ ಗೋಕಾಕದ ಕೋರ್ಟಿನ ಮುಂದೆ ಬರಲಿತ್ತು, ಅವನ ವಕೀಲೆ ಸುಮನಳ ಹತ್ತಿರ ಹೇಳಿಕೊಳ್ಳುವಂಥ ಮಾತು ಒಂದೂ ಇರಲಿಲ್ಲ. ಹೆಣ ಸಿಕ್ಕಿಲ್ಲ ಅನ್ನೋದೊಂದೇ ಆಧಾರ. ಮಳೆಗಾಲದ ನೀರು ಇನ್ನೂ ಇಳಿಯದ ಹೊಳೆಯಲ್ಲಿ ಹೆಣ ಸಿಗದೇ ಇರೋದು ದೊಡ್ಡ ಮಾತೇನಲ್ಲ ಅಂತ ಸರಕಾರಿ ವಕೀಲರು ಆಗಲೇ ನಕ್ಕಾಗಿತ್ತು.

ಠಾಣೆಯ ಹಿತ್ತಲಲ್ಲಿ ಬೇವಿನ ಗಿಡದ ಕೆಳಗೆ ನಿಂತಿದ್ದ ಈ ಗಾಡಿ ಯಲ್ಲೇಶನದು. ಹಳೇ ಸೇತುವೆಯ ಬಾಜೂ ಇಳಿಜಾರಿನಲ್ಲಿ, ಜಾಲಿಕಂಟಿಯೊಳಗೆ ಅಡ್ಡ ಬಿದ್ದದ್ದು ಸಿಕ್ಕಿತ್ತು. ಮುಂದಿನ ಗಾಲಿಯಷ್ಟೇ ನೀರು ಮುಟ್ಟಿತ್ತು, ಉಳಿದದ್ದೆಲ್ಲ ಒಣಗಿತ್ತು. ಪಂಚನಾಮೆ ಮಾಡಿದವರು ಚೀಲ ಬಿಚ್ಚಿ ಅಂಗಿ ಎಣಿಸಿದರು, ರೊಟ್ಟಿ ಗಂಟು ಮೂಸಿದರು. ಕಂಬಳಿಯನ್ನು ಏನು ನೋಡೋದು ಅಂತ ಇದ್ದಹಾಗೇ ಬಿಟ್ಟಿದ್ದರು.

ಆ ಕಂಬಳಿ ಹೊಸದು. ಯಲ್ಲೇಶನ ತಾಯಿ ದುಂಡವ್ವ ಪೊಲೀಸರ ಮುಂದೆ ಅದರ ಮಾತು ಎತ್ತಿದ್ದಳು. ಮಗ ಘಟ್ಟ ಹತ್ತುತ್ತಾನೆ, ಅಲ್ಲಿ ಚಳಿ ಅಂತ ಹೇಳಿ ನೇಯಿಸಿ, ಬೀರದೇವರಿಗೆ ಒಮ್ಮೆ ಹೊದಿಸಿ, ಆಮೇಲೆ ಅವನಿಗೆ ಕೊಟ್ಟದ್ದಂತೆ. ಜತೆಗೆ ಭಂಡಾರದ ಸಣ್ಣ ಚೀಲ ಒಂದು. ಭಂಡಾರ ಅಂದರೆ ದೇವರ ಅರಿಷಿಣ. ದಿನಾ ಮುಂಜಾನೆ ಗಾಡಿ ಚಾಲೂ ಮಾಡುವ ಮೊದಲು ಮುಂದಿನ ದೀಪಕ್ಕೆ ಅದನ್ನು ಹಚ್ಚಬೇಕೆಂದು ತಾಯಿಯ ಕಟ್ಟಪ್ಪಣೆ.

“ಆ ಭಂಡಾರದ ಚೀಲ ಎಲ್ಲೈತ್ರಿ?” ಅಂತ ಸುಮನ ಕೇಳಿದಳು.

ಉದ್ದಪ್ಪ ಹೊಳೆಯ ದಿಕ್ಕಿಗೆ ಕೈ ಮಾಡಿದ. ಹೊಳಿಗೆ ಹೋಗಿರಬೇಕು ಅಂದ. ಈ ಪ್ರಕರಣದಲ್ಲಿ ಸಿಗದ್ದೆಲ್ಲ ಹೊಳೆಗೇ ಹೋಗಿತ್ತು ನೋಡ್ರಿ. ಹೊಳೆಯಷ್ಟು ಅನುಕೂಲದ ಸಾಕ್ಷಿ ಪೊಲೀಸರಿಗೆ ಮತ್ತೊಂದಿಲ್ಲ.

ಕಂಬಳಿ ನೆಲದ ಮೇಲೆ ಬಿತ್ತು. ಬಿದ್ದರೂ ಮಡಿಕೆ ಬಿಚ್ಚಲಿಲ್ಲ, ಹಲಗೆಯ ಹಾಗೆ ಸೆಟೆದುಕೊಂಡೇ ಕೂತಿತು. ಸುಮನ ಮೊಳಕಾಲೂರಿ ಅದನ್ನು ಬಿಡಿಸಿ ಹಾಸಿದಳು. ಹಾಸಿದ್ದೇ ತಡ, ಅವಳ ಕೈ ನಿಂತಿತು.

ಕಂಬಳಿಯ ನಟ್ಟನಡುವೆ, ಈ ಅಂಚಿನಿಂದ ಆ ಅಂಚಿನವರೆಗೆ, ಒಂದು ಏಣು ಎದ್ದಿತ್ತು. ಮಡಚಿದ ಗೆರೆ ಅದಲ್ಲ. ಮಡಚಿದ ಗೆರೆ ಚೂಪಾಗಿರುತ್ತದೆ. ಇದು ದುಂಡಗೆ, ಹೆಬ್ಬೆರಳಿನ ದಪ್ಪಕ್ಕೆ ಉಬ್ಬಿತ್ತು. ಹಗ್ಗದ ಮೇಲೆ ತೂಗುಹಾಕಿ ಒಣಗಿಸಿದರೆ ಏಳುವಂಥ ಏಣು.

ಸುಮನ ಹುಟ್ಟಿದ್ದು ಹುಕ್ಕೇರಿ ಕಡೆಯ ಊರಲ್ಲಿ. ಅವರ ಮನೆಯ ಮುಂದಿನ ಬಯಲಲ್ಲೇ ಕಂಬಳಿ ನೇಯುವವರು ಗಂಜಿ ಹಾಕುತ್ತಿದ್ದರು. ನೇಯ್ದ ಕಂಬಳಿಯನ್ನು ಗೂಟ ಬಡಿದು ನೆಲದ ಮೇಲೆ ಚಪ್ಪಟೆ ಎಳೆದು ಕಟ್ಟೋದು, ಹುಣಸಿ ಬೀಜದ ಗಂಜಿಯನ್ನು ಮೇಲೆ ಬಳಿಯೋದು, ಬಿಸಿಲಿಗೆ ಬಿಡೋದು. ಗಂಜಿ ಹೆಂಗೆ ಒಣಗುತ್ತದೋ ಕಂಬಳಿ ಹಂಗೇ ಸೆಟೆಯುತ್ತದೆ, ಅದಕ್ಕೇ ಚಪ್ಪಟೆ ಎಳೆಯೋದು. ಸಣ್ಣಾಕಿ ಇದ್ದಾಗ ಅದರ ಮೇಲೆ ಓಡಿ ಬೈಸಿಕೊಂಡ ನೆನಪು ಅವಳಿಗೆ ಇನ್ನೂ ಇತ್ತು. ಹಗ್ಗದ ಮೇಲೆ ಹೊಸ ಕಂಬಳಿ ಒಣಹಾಕಿದ ನೇಕಾರನನ್ನು ಅವಳು ಈ ಜನ್ಮದಲ್ಲಿ ಕಂಡಿರಲಿಲ್ಲ.

ಬಗ್ಗಿ ಮೂಸಿದಳು. ಹುಳಿ ವಾಸನೆ ಬಂತು. ಚೆನ್ನಾಗಿ ಒಣಗಿದ ಗಂಜಿ ನಾರೋದಿಲ್ಲ. ಹಸಿ ಆರುವ ಮೊದಲೇ ಮಡಚಿ ಬಿಗಿದರೆ ಮಾತ್ರ ಹೀಗೆ ಹುಳಿಯುತ್ತದೆ.

ಅಂದಮೇಲೆ ಲೆಕ್ಕ ಸರಳ ಇತ್ತು. ಈ ಕಂಬಳಿಯನ್ನು ಯಾರೋ ತೊಳೆದಿದ್ದಾರೆ. ತೊಳೆದರೆ ನೇಕಾರನ ಗಂಜಿ ಹೋಗಿ ಕಂಬಳಿ ಅರಿವೆಯ ಹಾಗೆ ಜೋತುಬೀಳುತ್ತದೆ, ನೋಡಿದವರಿಗೆ ಗೊತ್ತಾಗಿಬಿಡುತ್ತದೆ. ಅದಕ್ಕೆ ಹೊಸದಾಗಿ ಗಂಜಿ ಹಾಕಿ, ಅವಸರಕ್ಕೆ ಹಗ್ಗದ ಮೇಲೆ ಒಣಗಿಸಿ, ಪೂರ್ತಿ ಒಣಗುವ ಮೊದಲೇ ಗಾಡಿಗೆ ಕಟ್ಟಿದ್ದಾರೆ. ಹೊಸ ಕಂಬಳಿಯನ್ನು ಯಾರೂ ಸುಮ್ಮಸುಮ್ಮನೆ ತೊಳೆಯೋದಿಲ್ಲ. ತೊಳೆಯಲೇಬೇಕಾದಂಥದ್ದು ಏನಾದರೂ ಬಿದ್ದಾಗಷ್ಟೇ ತೊಳೆಯುತ್ತಾರೆ.

ಸ್ವಪ್ನಿಲ್ ಗ್ಯಾರೇಜಿನ ಮನುಷ್ಯ. ಇಂಜಿನ್ ಬಿಚ್ಚು ಅಂದರೆ ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಿಯಾನು, ಹುಣಸಿ ಬೀಜದಿಂದ ಗಂಜಿ ಕಾಸೋದು ಅವನಿಗೆಲ್ಲಿಂದ ಬರಬೇಕು. ಇದು ಕಂಬಳಿಯ ಮನೆಯಲ್ಲಿ ಬೆಳೆದವರ ಕೆಲಸ. ಸುಮನಳಿಗೆ ಒಳಗೊಳಗೇ ಖುಷಿ ಆಯಿತು. ಖುಷಿಯನ್ನು ಮುಖದ ಮೇಲೆ ತರುವ ರೂಢಿ ಅವಳಿಗಿರಲಿಲ್ಲ, ಅಷ್ಟೇ.

ಎದ್ದು ನಿಂತಾಗ ಅವಳ ಬೆರಳ ತುದಿ ಹಳದಿಯಾಗಿತ್ತು. ಉದ್ದಪ್ಪ ಅದನ್ನು ನೋಡಿ, ದೇವರಿಗೆ ಹೊದಿಸಿದ ಕಂಬಳಿ ಅಲ್ಲೇನ್ರಿ, ಭಂಡಾರ ಇರೂದ, ಅಂದ. ಇರಬಹುದು ಅಂದುಕೊಂಡಳು ಸುಮನ.

“ಇದನ್ನ ಈಗ ಸೀಲ್ ಮಾಡ್ರಿ. ಬೆಳಗಾವಿಗೆ ರಕ್ತದ ಪರೀಕ್ಷಾಕ್ಕ ಹೋಗಬೇಕು. ತೊಳದ್ರೂ ಉಣ್ಣಿ ಒಳಗ ಇದ್ದದ್ದು ಇರ್ತೈತಿ.”

ಉದ್ದಪ್ಪ ಸಾಹೇಬರಿಗೆ ಫೋನು ಮಾಡಿದ, ಸಾಹೇಬರು ಬೈದರು, ಬೈದಮೇಲೆ ಒಪ್ಪಿದರು. ಅರಗು ಕಾಸಿ ಮುದ್ರೆ ಒತ್ತುವ ತನಕ ಸುಮನ ಅಲ್ಲೇ ನಿಂತಳು. ನಾಳೆಯ ಕೋರ್ಟಿಗೆ ಅವಳಿಗೆ ಈಗ ಒಂದು ಮಾತು ಸಿಕ್ಕಿತ್ತು.

*

ಸ್ವಪ್ನಿಲ್‌ನ ಗ್ಯಾರೇಜಿನ ಶಟರ್ ಅರ್ಧ ಎತ್ತಿತ್ತು. ಒಳಗೆ ಅವನ ತಾಯಿ ಸತ್ತೆವ್ವ ಕಸ ಹೊಡೆಯುತ್ತಿದ್ದಳು. ಮಗನನ್ನು ಒಯ್ದ ದಿನದಿಂದ ಆಕೆ ದಿನಾ ನಿಡಸೋಸಿಯಿಂದ ಬಸ್ ಹಿಡಿದು ಬರುತ್ತಿದ್ದಳು, ಗುಡಿಸುತ್ತಿದ್ದಳು, ಬುದ್ಧನ ಫೋಟೋದ ಮುಂದೆ ಊದಿನಕಡ್ಡಿ ಹಚ್ಚುತ್ತಿದ್ದಳು, ಹೊರಳಿ ಹೋಗುತ್ತಿದ್ದಳು. ಗಿರಾಕಿ ಬಂದು ಬಾಗಿಲು ಮುಚ್ಚಿದೆ ಅಂತ ಅನ್ನಬಾರದು ನೋಡ್ರಿ, ಅದಕ್ಕೆ.

ಗ್ಯಾರೇಜಿನ ಹಿಂದೆ ಸಣ್ಣ ಕೋಣೆ. ಒಂದು ವರ್ಷ ಮೂರೂ ಮಂದಿ ಅಲ್ಲಿ ಕೂತು ಪ್ರವಾಸ ಕಟ್ಟಿದ್ದರು. ಸ್ವಪ್ನಿಲ್, ಯಲ್ಲೇಶ, ಇನ್ನೊಬ್ಬ ಮೂಡಲಗಿಯಲ್ಲಿ ನೀರಿನ ಮೋಟರಿನ ಅಂಗಡಿ ಇಟ್ಟ ಮಾಲಿಂಗ, ಯಲ್ಲೇಶನ ಕಾಕಾನ ಮಗ. ಗೋಡೆಯ ಮೇಲೆ ನಕಾಶೆ ಇನ್ನೂ ಇತ್ತು. ಲೋಕಾಪುರ, ಬಾಗಲಕೋಟಿ, ರಾಯಚೂರು, ಅಲ್ಲಿಂದ ಆಂಧ್ರ ಹೊಕ್ಕು ಪೂರ್ವಘಟ್ಟ. ಲಂಬಸಿಂಗಿ, ಅರಕು ಕಣಿವೆ, ಕೋರಾಪುಟ. ಕೆಂಪು ಸೀಸಕಡ್ಡಿಯ ಗೆರೆ ಸಪಾಟು ನೆಲದ ಮೇಲೆ ನೆಟ್ಟಗೆ ಹೋಗಿ, ಘಟ್ಟ ಮುಟ್ಟಿದ ಕೂಡಲೇ ಮೈ ಮುರಿದುಕೊಂಡು ಸುತ್ತತೊಡಗಿತ್ತು.

ಈ ಕಡೆಯ ಹುಡುಗರು ಗಾಡಿ ಹತ್ತಿದರೆ ಪಡುವಣಕ್ಕೇ ಹೋಗುವವರು. ಅಂಬೋಲಿ, ಹೆಚ್ಚೆಂದರೆ ಗೋವಾ. ಯಲ್ಲೇಶ ಮಾತ್ರ ಮೂಡಣದ ಹಟ ಹಿಡಿದಿದ್ದ. ಅವನ ಅಜ್ಜ ಬೀರಸಿದ್ದಪ್ಪ ಕುರಿ ಹೊಡೆದುಕೊಂಡು ಬಹಳ ದೂರ ಮೂಡಣಕ್ಕೆ ಹೋಗುತ್ತಿದ್ದವನಂತೆ. ಹೊತ್ತು ಹುಟ್ಟುವ ಕಡೆಯೂ ಗುಡ್ಡ ಇರತಾವ, ನಾ ಮುಟ್ಟಲಿಲ್ಲ, ಅಂತ ಸಾಯುವ ತನಕ ಅಂದವನು. ಮೊಮ್ಮಗ ಅದನ್ನೇ ತಲೆಗೆ ಹಚ್ಚಿಕೊಂಡ. ಮಾತಿಗೊಮ್ಮೆ ಘಟ್ಟ, ಊಟಕ್ಕೊಮ್ಮೆ ಘಟ್ಟ. ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಗೇರಿನಲ್ಲಿ ಇಳಿಯೋದು ಹೆಂಗೆ ಅಂತ ಸ್ವಪ್ನಿಲ್ ಕಲಿಸಿದ. ಕತ್ತಲಾದಮೇಲೆ ಘಟ್ಟದಲ್ಲಿ ಗಾಡಿ ಬಿಡಬಾರದು, ಮಂಜು ಇಳಿಯುತ್ತದೆ, ಅಂತ ಮಾಲಿಂಗ ಕಟ್ಟಳೆ ಮಾಡಿದ. ರೂಢಿಗೆ ಅಂತ ಹಿಡಕಲ್ ಡ್ಯಾಮಿನ ತನಕ ಸಾಮಾನು ಕಟ್ಟಿಕೊಂಡು ಹೋಗಿ ಬಂದರು. ಯಲ್ಲೇಶ ಆಗಲೂ ದೀಪಕ್ಕೆ ಭಂಡಾರ ಹಚ್ಚಿದ್ದಕ್ಕೆ ಮಾಲಿಂಗ ನಕ್ಕಿದ್ದನಂತೆ. ಮೋಟರ್ ಅಂಗಡಿಯವನಿಗೆ ದೇವರಿಗಿಂತ ಸ್ಪಾರ್ಕ್ ಪ್ಲಗ್ಗಿನ ಮೇಲೆ ನಂಬಿಗೆ ಜಾಸ್ತಿ.

ಹೊರಡೋದು ಸೋಮವಾರ ಅಂತ ಗೊತ್ತಾಗಿತ್ತು. ಶನಿವಾರವೇ ಮಾಲಿಂಗ ಸಾಮಾನು ಕಟ್ಟಿಕೊಂಡು ಮೂಡಲಗಿಯ ಮನೆ ಬಿಟ್ಟ, ಕಲ್ಲೋಳಿಯಲ್ಲಿ ದೊಡ್ಡವ್ವ ದುಂಡವ್ವನ ಮನೆಯಲ್ಲಿದ್ದು ಅಲ್ಲಿಂದಲೇ ಹೊರಡ್ತೀನಿ ಅಂದು. ಸೋಮವಾರ ನಸುಕಿನಲ್ಲಿ ಹಾಲಿನ ಗಾಡಿಯವನು ಹಳೇ ಸೇತುವೆಯ ಮೇಲೆ ಸ್ವಪ್ನಿಲ್ ಒಬ್ಬನನ್ನೇ ಕಂಡ. ಹೊತ್ತೇರುವಷ್ಟರಲ್ಲಿ ಜಾಲಿಕಂಟಿಯಲ್ಲಿ ಯಲ್ಲೇಶನ ಗಾಡಿ ಸಿಕ್ಕಿತು. ಮಾಲಿಂಗ ಮಾತ್ರ ಆಗಲೇ ಮೂಡಣದ ದಾರಿಯಲ್ಲಿದ್ದ. ಸುದ್ದಿ ಮುಟ್ಟಿದಮೇಲೂ ಹೊರಳಲಿಲ್ಲ. ಯಲ್ಲೇಶನ ಆಸೆ ಪೂರಾ ಮಾಡಿಯೇ ಬರ್ತೀನಿ ಅಂತ ಫೋನಿನಲ್ಲಿ ಬರೆದು ಹಾಕಿದ. ಅಂದಿನಿಂದ ದಿನಕ್ಕೊಂದು ಫೋಟೋ ಬರುತ್ತಿತ್ತು. ಗಾಡಿ, ಗುಡ್ಡ, ತಿರುವು, ಕಾಫಿ ತೋಟ. ಅವನ ಮುಖ ಇಲ್ಲ, ಮಾತೂ ಇಲ್ಲ. ಮಾತಾಡಾಕ ನೆಟ್‌ವರ್ಕ್ ಸಿಗಂಗಿಲ್ಲ ಅಂತ ಅವನ ಹೆಂಡತಿ ಅರ್ಚನಾಗೆ ಬರೆಯುತ್ತಿದ್ದ. ಅರ್ಚನಾ ಬಸುರಿ. ಬಂದ ಫೋಟೋವನ್ನೆಲ್ಲ ಸುಮನಳಿಗೆ ಕಳಿಸಿ, ಇವರಿಗೇನಾಗೈತ್ರಿ ಅಕ್ಕಾ, ಅಂತ ಕೇಳುತ್ತಿದ್ದಳು.

ಏನಾಗಿದೆ ಅಂತ ಸುಮನಳಿಗೆ ಇವತ್ತು ಹೊಳೆದಿತ್ತು. ಯಲ್ಲೇಶನನ್ನು ಹೊಡೆದವನು ಮಾಲಿಂಗ. ಹೊಡೆದದ್ದು ಕಲ್ಲೋಳಿಯಲ್ಲಿ. ಕಂಬಳಿಗೆ ರಕ್ತ ಬಿತ್ತು, ಅದನ್ನು ತೊಳೆದು ಗಂಜಿ ಹಾಕಿ ಕಟ್ಟಿದ, ಗಾಡಿ ನೂಕಿ ಮೂಡಣಕ್ಕೆ ಓಡಿದ. ಸತ್ತೆವ್ವನಿಗೂ ಹಾಗೇ ಹೇಳಿದಳು.

ಸತ್ತೆವ್ವ ಕಸಬರಿಗೆ ಕೆಳಗಿಟ್ಟಳು. ಕಣ್ಣೊಳಗೆ ನೀರು ತುಂಬಿದವು. “ಹಂಗಾರ ನನ್ನ ಮಗ ಮನಿಗೆ ಬರ್ತಾನೇನವ್ವ?”

ಬರಬಹುದು ಅಂದಳು ಸುಮನ. ಒಂದು ಮಾತು ಮಾತ್ರ ಅವಳ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕುಂತಿತ್ತು, ಅದನ್ನು ತಾಯಿಯ ಮುಂದೆ ಆಡಲಿಲ್ಲ. ಜೈಲಿಗೆ ಹೋದಾಗಲೆಲ್ಲ ಸ್ವಪ್ನಿಲ್ ಜಾಮೀನಿನ ಸುದ್ದಿ ಕೇಳುತ್ತಿರಲಿಲ್ಲ. ತಾಯಿಯ ಸುದ್ದಿಯನ್ನೂ ಆಮೇಲೆ ಕೇಳುತ್ತಿದ್ದ. ಮೊದಲು ಕೇಳುತ್ತಿದ್ದದ್ದು ಒಂದೇ. ಮಾಲಿಂಗ ಇವತ್ತೂ ಫೋಟೋ ಹಾಕ್ಯಾನೇನ್ರಿ? ಹೋಗಬೇಕಾಗಿದ್ದ ದಾರಿಯ ಮೇಲೆ ಜೀವ ಇಟ್ಟುಕೊಂಡಿದ್ದಾನೆ ಪಾಪ ಅಂತ ಅವಳು ಅರ್ಥ ಮಾಡಿಕೊಂಡಿದ್ದಳು.

ಕಲ್ಲೋಳಿಗೆ ಹೋಗಿ ದುಂಡವ್ವನನ್ನು ಒಮ್ಮೆ ಮಾತಾಡಿಸಬೇಕಿತ್ತು. ನಾನೂ ಬರ್ತೀನಿ ಅಂತ ಸತ್ತೆವ್ವ ಸೆರಗು ಸಿಗಿಸಿದಳು. ಮಗನನ್ನು ಕಳಕೊಂಡ ಹೆಣ್ಣುಮಗಳನ್ನು ಇಷ್ಟು ದಿನ ಮಾತಾಡಿಸಲಿಲ್ಲ, ಹೆಂಗ ಮುಖ ತೋರಿಸೋದು ಅಂತ ಅಂಜಿ ಕುಂತಿದ್ದೆ ಅಂದಳು. ಬೇಡ ಅನ್ನೋದಕ್ಕೆ ಸುಮನಳಿಗೆ ಬಾಯಿ ಬರಲಿಲ್ಲ. ಸ್ಕೂಟಿಯ ಹಿಂದೆ ಕೂಡಿಸಿಕೊಂಡು ಹೊರಟಳು.

*

ದುಂಡವ್ವ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಎತ್ತರದ ಆಳು, ಮಾತು ಕಡಿಮೆ. ಮಗ ಹೊಳೆ ಪಾಲಾದ ಸುದ್ದಿ ಬಂದಾಗಲೂ ಆಕೆ ಬಾಯಿ ಬಡಿದುಕೊಳ್ಳಲಿಲ್ಲ ಅಂತ ಓಣಿಯವರು ಆಡಿಕೊಂಡಿದ್ದರು. ಕಲ್ಲಿನಂಥಾಕಿ ಅಂದರು ಕೆಲವರು. ಎದಿ ಒಡದಿರಬೇಕು ಅಂದರು ಮತ್ತೆ ಕೆಲವರು.

ಸತ್ತೆವ್ವನನ್ನು ಕಂಡು ದುಂಡವ್ವ ಎದ್ದಳು. ಪಡಸಾಲೆಯಲ್ಲಿ ಕಂಬಳಿ ಹಾಸಿದಳು, ಕುಂದರ್ರಿ ಅಂದಳು, ನೀರು ತಂದಿಟ್ಟಳು, ಮೊರ ಹಿಡಿದು ಎದುರಿಗೆ ಕೂತಳು. ಒಬ್ಬಾಕೆಯ ಮಗನನ್ನು ಕೊಂದವನು ಇನ್ನೊಬ್ಬಾಕೆಯ ಮಗ ಅಂತ ಊರೆಲ್ಲ ಹೇಳುತ್ತಿದ್ದ ಹೊತ್ತಿನಲ್ಲಿ ಹೀಗೆ ಕಂಬಳಿ ಹಾಸಿದ್ದು ಸುಮನಳಿಗೆ ವಿಚಿತ್ರ ಅನಿಸಿತು.

ಸತ್ತೆವ್ವ ಅತ್ತಳು. ತನ್ನ ಮಗ ಅಂಥವನಲ್ಲ ಅಂದಳು. ದುಂಡವ್ವ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅತ್ತು ಮುಗಿದಮೇಲೆ ಸತ್ತೆವ್ವ ಸೀರೆ ಸರಿಮಾಡಿಕೊಂಡಳು, ಸೀರೆಗೆ ಹತ್ತಿದ ಹಳದಿ ಪುಡಿ ಕೊಡವಿದಳು. ಏನಾದರೂ ಆಡಬೇಕಲ್ಲ ಅಂತ ಒಂದು ಮಾತು ಆಡಿದಳು. ಅದಕ್ಕಿಂತ ಸುಮ್ಮನಿದ್ದಿದ್ದರೆ ಅವಳಿಗೇ ಎಷ್ಟೋ ಚಲೋ ಇತ್ತು.

“ನಿಮ್ಮ ಮನಿ ಕಂಬಳಿ ಕುಂತ ಕೂಡ್ಲೇ ಗೊತ್ತಾಗ್ತೈತಿ ನೋಡಕ್ಕ. ಗಂಜಿಗೆ ಭಂಡಾರ ಕಲಸೂದು ಊರಾಗ ನೀ ಒಬ್ಬಾಕೀನ ಅಂತ. ಸ್ವಪ್ನಿಲ ಇಲ್ಲಿಂದ ಬಂದಾಗೆಲ್ಲ ಅವನ ಅಂಗಿ ಹಳದಿ ಆಗಿರ್ತಿತ್ತು.”

ಸುಮನ ತನ್ನ ಬೆರಳು ನೋಡಿಕೊಂಡಳು. ಠಾಣೆಯಲ್ಲಿ ಹತ್ತಿದ ಹಳದಿ ಉಗುರಿನ ಸಂದಿಯಲ್ಲಿ ಇನ್ನೂ ಇತ್ತು. ಕೆಳಗೆ ಹಾಸಿದ್ದ ಕಂಬಳಿಯನ್ನು ಮೆಲ್ಲಗೆ ಉಜ್ಜಿದಳು. ಅದೇ ಬಣ್ಣ ಬಂತು. ಅಂದರೆ ದೇವರಿಗೆ ಹೊದಿಸಿದಾಗ ಮೇಲೆ ಉದುರಿದ್ದ ಭಂಡಾರ ಅದಾಗಿರಲಿಲ್ಲ. ಗಂಜಿಯೊಳಗೇ ಇತ್ತು. ನೇಕಾರನ ಗಂಜಿಯಲ್ಲಿ ಇರದ್ದು ಈ ಮನೆಯ ಗಂಜಿಯಲ್ಲಿತ್ತು.

ಆಗ ಫೋನು ತೆಗೆದು, ಮುಂಜಾನೆ ಹಿಡಿದ ಕಂಬಳಿಯ ಚಿತ್ರವನ್ನು ದುಂಡವ್ವನ ಮುಂದಿಟ್ಟಳು.

“ಅವ್ವಾರ, ಹೊಸ ಕಂಬಳಿಗೆ ನೀವು ಯಾಕ ಮತ್ತ ಗಂಜಿ ಹಾಕಿದ್ರಿ?”

ದುಂಡವ್ವನ ಕೈ ಮೊರದ ಮೇಲೆ ನಿಂತಿತು. ನೇಕಾರ ಕಡಿಮೆ ಹಾಕಿದ್ದ ಅಂದಳು. ಹಾಗಾದರೆ ಗೂಟ ಬಡಿದು ಎಳೆಯದೆ ಹಗ್ಗದ ಮೇಲೆ ಯಾಕೆ ಒಣಹಾಕಿದಿರಿ, ಹಸಿ ಇರುವಾಗಲೇ ಯಾಕೆ ಕಟ್ಟಿದಿರಿ, ನಿಮ್ಮಂಥವರ ಕೈಯಿಂದ ಇಂಥ ಕೆಲಸ ಆಗೋದಿಲ್ಲ ಅಂತ ಸುಮನ ಒಂದೊಂದೇ ಕೇಳುತ್ತ ಹೋದಳು. ದನಿ ಏರಿಸಲಿಲ್ಲ. ಕೋರ್ಟಿನಲ್ಲೂ ಅವಳು ಹೀಗೇ. ಎದುರಿನವರಿಗೆ ತಾವು ಸಿಕ್ಕಿಬಿದ್ದದ್ದು ತಿಳಿಯೋದು ಆಮೇಲೆ.

ದುಂಡವ್ವ ಜೋಳದೊಳಗಿನ ಹರಳು ಆರಿಸತೊಡಗಿದಳು.

“ರಕ್ತ ಇತ್ತು. ಹೌದಲ್ರಿ? ಮಾಲಿಂಗ ನಿಮ್ಮ ಮಗನ್ನ ಹೊಡದಾನ, ನೀವು ಅದನ್ನ ತೊಳದೀರಿ. ಮಗ ಅಂತೂ ಹೋದ, ಮೈದುನನ ಮಗನರ ಉಳೀಲಿ ಅಂತ. ಬಸುರಿ ಹೆಣ್ಣುಮಗಳು ಮನ್ಯಾಗ ಅದಾಳ ಅಂತ. ಅದಕ್ಕ ಈ ತಾಯಿ ಮಗ ಜೈಲಿನ್ಯಾಗ ಕೊಳೀಬೇಕೇನ್ರಿ?”

ಹೇಳುವಾಗಲೇ ಸುಮನಳಿಗೆ ತನ್ನ ಮಾತು ಸಪ್ಪಗೆ ಕೇಳಿಸಿತು. ಯಾವ ತಾಯಿ ಹಾಗೆ ಮಾಡುತ್ತಾಳೆ? ಮಗನ ರಕ್ತವನ್ನು ತಾನೇ ತೊಳೆದು, ಗಂಜಿ ಕಾಸಿ, ಭಂಡಾರ ಕಲಸಿ, ಒಣಹಾಕಿ. ಅಷ್ಟೆಲ್ಲ ಮಾಡೋದಕ್ಕಿಂತ ಆ ಕಂಬಳಿಯನ್ನು ಸುಟ್ಟುಬಿಡಬಹುದಿತ್ತು. ಅದನ್ನೂ ಕೇಳಿಬಿಟ್ಟಳು.

“ಸುಡಾಕ ಬರಂಗಿಲ್ಲ,” ಅಂದಳು ದುಂಡವ್ವ. “ದೇವರ ಮೈಮ್ಯಾಲ ಹಾಕಿ ತಂದದ್ದು. ಸುಟ್ರ ನಡಿಯಂಗಿಲ್ಲ, ಚೆಲ್ಲಿದ್ರ ನಡಿಯಂಗಿಲ್ಲ.”

ಆಗ ಫೋನು ಗುಂಯ್ ಅಂತು. ಅರ್ಚನಾ ಕಳಿಸಿದ್ದಳು, ಇವತ್ತಿನ ಫೋಟೋ. ಸುಮನ ತೆರೆದು ನೋಡಿದಳು. ಘಟ್ಟದ ತಿರುವು, ಕೆಳಗೆ ಮಂಜು, ಮಾಲಿಂಗನ ಗಾಡಿ. ರಾತ್ರಿ ಮಳೆ ಬಿದ್ದು ರಸ್ತೆ ಒದ್ದೆಯಾಗಿತ್ತು, ಗಾಡಿಯ ಮೈಯೆಲ್ಲ ಕೆಸರು. ದೀಪದ ಮೇಲೆ ಮಾತ್ರ ಹಳದಿ ಬೊಟ್ಟು, ಈಗಷ್ಟೇ ಹಚ್ಚಿದ್ದು.

ಅವಳು ಹಿಂದಿನ ಫೋಟೋಗಳನ್ನು ಸರಿಸಿ ಸರಿಸಿ ನೋಡಿದಳು. ಎಲ್ಲದರಲ್ಲೂ ಇತ್ತು. ಇಷ್ಟು ದಿನ ಕಣ್ಣ ಮುಂದೆಯೇ ಇತ್ತು. ಭಂಡಾರ ಕಂಡು ನಗುತ್ತಿದ್ದ ಮಾಲಿಂಗ ದಿನಾ ಮುಂಜಾನೆ ದೀಪಕ್ಕೆ ಭಂಡಾರ ಹಚ್ಚುತ್ತಿದ್ದ. ಯಲ್ಲೇಶನ ಗಾಡಿಯಲ್ಲಿ ಸಿಗದೆ ಹೋದ ಚೀಲ ಹೊಳೆಗೆ ಹೋಗಿರಲಿಲ್ಲ.

“ಫೋಟೋ ಬಂತೇನು?” ಅಂದಳು ದುಂಡವ್ವ. ಸುಮನ ಫೋನನ್ನು ಆಕೆಯ ಕೈಗೆ ಕೊಟ್ಟಳು.

ದುಂಡವ್ವ ಗಾಡಿ ನೋಡಲಿಲ್ಲ, ಗುಡ್ಡ ನೋಡಲಿಲ್ಲ. ಚಿತ್ರದ ಕೆಳಗೆ, ಒದ್ದೆ ರಸ್ತೆಯ ಮೇಲೆ, ಫೋಟೋ ಹಿಡಿದವನ ನೆರಳು ಉದ್ದಕ್ಕೆ ಬಿದ್ದಿತ್ತು. ಆಕೆ ಬೆರಳಿನಿಂದ ಆ ನೆರಳನ್ನು ಸವರಿದಳು.

“ಸೊರಗ್ಯಾನ,” ಅಂದಳು.

“ಯಾರಕ್ಕ?” ಅಂದಳು ಸತ್ತೆವ್ವ.

ದುಂಡವ್ವನಿಗೆ ಆಗ ಎಚ್ಚರ ಆಯಿತು. ಆಡಿದ ಮಾತನ್ನು ನುಂಗೋದಕ್ಕೆ ನೋಡಿದಳು, ಆಗಲಿಲ್ಲ. ಇಷ್ಟು ದಿನ ತಡೆದದ್ದೆಲ್ಲ ಒಮ್ಮೆಲೇ ಒತ್ತಿ ಬಂತು, ಸೆರಗು ಬಾಯಿಗೆ ಇಟ್ಟುಕೊಂಡು ಬಿಕ್ಕಿದಳು. ಮಗ ಸತ್ತ ಸುದ್ದಿಗೆ ಅಳದ ಹೆಂಗಸು ಮಗನ ನೆರಳು ನೋಡಿ ಅತ್ತಳು.

ಯಲ್ಲೇಶ ಹೊಳೆಯಲ್ಲಿ ಇರಲಿಲ್ಲ. ಮಾಲಿಂಗನ ಗಾಡಿ ಹತ್ತಿ, ಮಾಲಿಂಗನ ಫೋನು ಹಿಡಿದು, ಅಜ್ಜ ಮುಟ್ಟದ ಗುಡ್ಡ ಸುತ್ತುತ್ತಿದ್ದ.

ಸತ್ತೆವ್ವನಿಗೆ ಇದು ತಲೆಗೆ ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಹತ್ತಿದ ಮೇಲೆ ದುಂಡವ್ವನ ಎರಡೂ ಕೈ ಹಿಡಿದುಕೊಂಡಳು. “ಅದಾನೇನಕ್ಕ ನಿನ್ನ ಮಗ? ಅದಾನ? ಹಂಗಾರ ನನ್ನ ಮಗ ಯಾರನ್ನೂ ಕೊಂದಿಲ್ಲ. ನೀ ನಾಳಿ ಬಂದು ಅಷ್ಟ ಹೇಳಿಬಿಡು, ನಿನ್ನ ಕಾಲು ಬೀಳ್ತೇನಿ.” ಸಂತೋಷಕ್ಕೆ ಆಕೆಯ ಮಾತು ತೊದಲುತ್ತಿತ್ತು.

ದುಂಡವ್ವ ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಆಕೆಯ ಮುಖ ನೋಡಲಿಲ್ಲ.

“ಕಂಬಳಿ ಮ್ಯಾಲಿನ ರಕ್ತ ಯಾರದ್ರಿ?” ಅಂತ ಸುಮನ ಕೇಳಿದಳು. ಉತ್ತರ ಅವಳಿಗೆ ಗೊತ್ತಾಗಿತ್ತು. ಆದರೂ ಕೇಳಲೇಬೇಕಿತ್ತು.

ದುಂಡವ್ವ ಹೇಳಿದಳು. ಶನಿವಾರ ಮಧ್ಯಾಹ್ನ ಮೂರೂ ಮಂದಿ ಈ ಅಂಗಳದಲ್ಲೇ ಗಾಡಿ ಕಟ್ಟುತ್ತಿದ್ದರಂತೆ. ಹೆಂಡತಿ ಬಸುರಿ, ನನ್ನ ಮನಸ್ಸು ಒಪ್ಪುವಲ್ದು, ನಾನು ಬರೋದಿಲ್ಲ, ಮುಂದಿನ ವರ್ಷ ಹೋಗೋಣ ಅಂದನಂತೆ ಮಾಲಿಂಗ. ಒಂದು ವರ್ಷ ಕಟ್ಟಿದ್ದು ಒಂದು ಮಾತಿಗೆ ಬಿತ್ತು. ಯಲ್ಲೇಶನ ಕೈಯಲ್ಲಿ ನಟ್ಟು ಬಿಗಿಯುವ ಪಾನಾ ಇತ್ತು. ಸಿಟ್ಟು ನೆತ್ತಿಗೇರಿತು, ಬೀಸಿದ. ಮಾಲಿಂಗನ ತಲೆ ಒಡೆಯಿತು. ಕೈಗೆ ಸಿಕ್ಕಿದ್ದು ಆ ಕಂಬಳಿ, ಅದನ್ನೇ ಒತ್ತಿ ಹಿಡಿದರು.

“ಸತ್ತನೇನು?” ಅಂದಳು ಸತ್ತೆವ್ವ, ಪಿಸುದನಿಯಲ್ಲಿ.

“ಇಲ್ಲ.” ದುಂಡವ್ವ ಈಗ ಮುಖ ಎತ್ತಿದಳು. “ನಮ್ಮ ಅಂಗಳ ಬಿಡುವಾಗ ಜೀವ ಗಟ್ಟಿ ಇತ್ತು ಸತ್ತೆವ್ವ. ನೀರು ಕೇಳಿದ, ನಾನ ಕುಡಿಸಿದೆ. ದೊಡ್ಡವ್ವ, ಅರ್ಚನಾಗ ಹೇಳಬ್ಯಾಡ ಅಂಜತಾಳ ಅಂದ. ದವಾಖಾನಿಗೆ ಒಯ್ತೇನಿ ಅಂತ ಹೇಳಿ ತನ್ನ ಗಾಡಿ ಮ್ಯಾಲ ಕೂಡಿಸ್ಕೊಂಡು ಹೋದಾವ ನಿನ್ನ ಮಗ.”

ಸತ್ತೆವ್ವ ಆಕೆಯ ಕೈ ಬಿಟ್ಟಳು.

“ಹೊತ್ತು ಮುಳುಗೂದ್ರೊಳಗ ಹೊಳ್ಳಿ ಬಂದ. ಒಬ್ಬನ ಬಂದ. ಮಾಲಿಂಗ ಉಳೀಲಿಲ್ಲ, ನೀ ಅವನ ಗಾಡಿ ತಗೊಂಡು ಹೋಗಿಬಿಡು, ಉಳಿದದ್ದು ನಾ ನೋಡ್ಕೋತೇನಿ ಅಂತ ಯಲ್ಲೇಶಗ ಹೇಳಿದ. ಯಲ್ಲೇಶ ಹೊಳಿಗೆ ಬಿದ್ದ ಅಂತ ಮಂದಿ ತಿಳೀಲಿ ಅಂತ ಸೇತುವಿ ಬಾಜೂ ಯಲ್ಲೇಶನ ಗಾಡಿ ಕೆಡವಿದಾವನೂ ನಿನ್ನ ಮಗನ. ಯಾವ ದವಾಖಾನಿ ಅಂದೆ, ಹೇಳಲಿಲ್ಲ. ಹೆಣ ಎಲ್ಲಿ ಅಂದೆ, ಅದನ್ನೂ ಹೇಳಲಿಲ್ಲ. ನಾ ಬಾಯಿ ಬಿಟ್ರ ನನ್ನ ಮಗನೂ ಉಳಿಯಂಗಿಲ್ಲ, ನಿನ್ನ ಮಗನೂ ಉಳಿಯಂಗಿಲ್ಲ. ಅದಕ್ಕ ಸುಮ್ಮ ಕುಂತಿದ್ದೆ.”

ಮಾಲಿಂಗ ಇವತ್ತೂ ಫೋಟೋ ಹಾಕ್ಯಾನೇನ್ರಿ? ಜೈಲಿನ ಜಾಲರಿಯ ಹಿಂದಿನಿಂದ ಬರುತ್ತಿದ್ದ ಆ ದನಿ ಸುಮನಳಿಗೆ ಈಗ ಬೇರೆಯೇ ಆಗಿ ಕೇಳಿಸಿತು. ದಾರಿಯ ಮೇಲಿನ ಆಸೆ ಅದಾಗಿರಲಿಲ್ಲ. ಮಾಲಿಂಗ ಇನ್ನೂ ಬದುಕಿದ್ದಾನೆ ಅಂತ ಜನ ನಂಬಿದ್ದಾರೋ ಇಲ್ಲವೋ ಅಂತ ಅವನು ದಿನಾ ಕೇಳಿ ತಿಳಿದುಕೊಳ್ಳುತ್ತಿದ್ದ.

ಸತ್ತೆವ್ವ ಸುಮನಳ ಕಡೆ ಹೊರಳಿದಳು.

“ನಾಳಿ ಕೋರ್ಟಿನ್ಯಾಗ ನೀ ಏನು ಹೇಳಾಕೀವ್ವ?”

ಸುಮನ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಯಲ್ಲೇಶ ಬದುಕಿದ್ದಾನೆ ಅಂದರೆ ಸ್ವಪ್ನಿಲ್ ನಾಳೆಯೇ ಹೊರಗೆ ಬಂದಾನು. ಅದರ ಮರುಮಾತಿಗೆ ಮಾಲಿಂಗ ಎಲ್ಲಿ ಅಂತ ಕೇಳುತ್ತಾರೆ. ಹೇಳದೆ ಬಿಡೋಣ ಅಂದರೆ, ಮುಂಜಾನೆ ಅವಳೇ ನಿಂತು ಮುದ್ರೆ ಒತ್ತಿಸಿದ ಕಂಬಳಿ, ಮಾಲಿಂಗನ ರಕ್ತ ಹೊತ್ತುಕೊಂಡು, ಅಷ್ಟೊತ್ತಿಗೆ ಬೆಳಗಾವಿಯ ದಾರಿ ಹಿಡಿದಿತ್ತು.